ರಜೆಯ ಐದನೇ ದಿನ

ಏಳನೇ ಉತ್ತರ ಪತ್ರಿಕೆ. ಒಂದೇ ಸಾಲನ್ನು ನಾಲ್ಕು ಸಲ ಓದಿದೆ, ತಲೆಗೆ ಹೋಗಲಿಲ್ಲ. ಅಕ್ಷರ ಮುದ್ದಾಗಿತ್ತು, ಉತ್ತರವೂ ಸರಿ ಇತ್ತು. ಅಂಕ ಹಾಕಿದೆ. ಆಮೇಲೆ ಸುಮ್ನೆ ಹಿಂದಿನ ಆರನ್ನೂ ತಿರುವಿ ನೋಡಿದೆ. ಒಂದರ ಅಂಚಿನಲ್ಲೂ ನಾನು ಏನೂ ಬರೆದಿರಲಿಲ್ಲ. 14 ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. 'ಚೆನ್ನಾಗಿದೆ', 'ಚಿತ್ರಕ್ಕೆ ಹೆಸರು ಬರಿ', 'ಇಲ್ಲಿ ಯಾಕೆ ಆತುರ?' ಅಂತ ಏನಾದರೂ ಒಂದು ಗೀಚದೆ ನನ್ನ ಕೆಂಪು ಪೆನ್ನು ಮುಂದಿನ ಪುಟಕ್ಕೆ ಹೋಗುವುದೇ ಇಲ್ಲ. ಅವತ್ತು ಬರೀ ಅಂಕ. ಬರೆದ ಮಕ್ಕಳ ಮುಖವೂ ಕಣ್ಣ ಮುಂದೆ ಬರಲಿಲ್ಲ. ನನಗೆ ಹೆದರಿಕೆಯಾಗಿದ್ದು ಆಗಲೇ.

ಖಿನ್ನತೆ ನನಗೆ ಹೊಸದಲ್ಲ. 9 ವರ್ಷದಿಂದ ಜೊತೆಗಿದೆ. ಮಾತ್ರೆ ತೆಗೆದುಕೊಳ್ಳುತ್ತೇನೆ, ಡಾಕ್ಟರ್ ಹತ್ತಿರ ಹೋಗಿ ಬರುತ್ತೇನೆ. ಅದು ಬರುವ ದಾರಿ ಗೊತ್ತು. ಬೆಳಗಿನ ಜಾವವೇ ಎಚ್ಚರ, ಕಣ್ಣು ಬಿಟ್ಟ ಕೂಡಲೇ ಎದೆ ಭಾರ, ಸ್ನಾನ ಮಾಡುವುದೂ ಬೆಟ್ಟದಷ್ಟು ಕೆಲಸ. ಹಾಗಾಗಿ ಇದೂ ಅದೇ ಅಂದುಕೊಂಡೆ. ಆ ವರ್ಷ ಇಬ್ಬರು ಕೆಲಸ ಬಿಟ್ಟಿದ್ದರು, ಅವರ ಎರಡು ತರಗತಿ ನನ್ನ ತಲೆಗೆ ಬಂದಿತ್ತು, ಪತ್ರಿಕೆಗಳ ಕಟ್ಟು ದಿನಾ ರಾತ್ರಿ ಮನೆಗೆ ಬರುತ್ತಿತ್ತು. ಅದ್ಯಾವುದನ್ನೂ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಖಿನ್ನತೆ ಇರುವವರಿಗೆ ಇದೊಂದು ಕಷ್ಟ. ಏನೇ ಆದರೂ ತಪ್ಪು ನಮ್ಮ ಮನಸ್ಸಿನದೇ ಅಂದುಕೊಂಡುಬಿಡುತ್ತೇವೆ.

ಡಾಕ್ಟರ್ ಒಂದೇ ಪ್ರಶ್ನೆ ಕೇಳಿದರು: "ಶಾಲೆ ಇಲ್ಲದ ದಿನ ಹೇಗಿರುತ್ತೀರಿ?" ತಕ್ಷಣ ಉತ್ತರ ಹೊಳೆಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಬರ್ನೌಟ್ ಅನ್ನುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆ ಅಂತ ಹೇಳಲಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಹೇಳಿತು. ಬಹಳ ದಿನ ತಡೆದುಕೊಂಡ ಕೆಲಸದ ಒತ್ತಡದಿಂದ ಬರುವುದು. ಮೂರು ಗುರುತು: ಶಕ್ತಿಯೆಲ್ಲಾ ಸೋರಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದು ಯಾವುದೂ ಸರಿಯಾಗುತ್ತಿಲ್ಲ ಅನಿಸುವುದು. ಎರಡನೆಯದನ್ನು ಕೇಳಿದಾಗ ಆ ಖಾಲಿ ಅಂಚುಗಳು ನೆನಪಾಗಿ ಕಣ್ಣು ತುಂಬಿತು. ಈ ದಣಿವಿನ ಬಗ್ಗೆ 1974ರಲ್ಲಿ ಬರೆದ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅದನ್ನು ಕಂಡದ್ದು ಉಚಿತ ಚಿಕಿತ್ಸಾಲಯದಲ್ಲಿ ಮೈಮರೆತು ದುಡಿಯುತ್ತಿದ್ದವರಲ್ಲಂತೆ. ಕೆಲಸವನ್ನು ಪ್ರೀತಿಸುವವರಿಗೂ ಹೀಗಾಗುತ್ತದೆ ಅಂತ ತಿಳಿದಾಗ ಸ್ವಲ್ಪ ಸಮಾಧಾನವಾಯಿತು.

ಖಿನ್ನತೆ ಮಾತ್ರ ಶಾಲೆಯ ಗೇಟಿನ ಹತ್ತಿರ ನಿಲ್ಲುವುದಿಲ್ಲ. ಅದು ಮನೆಗೂ ಬರುತ್ತದೆ, ರಜೆಗೂ ಬರುತ್ತದೆ. ನನ್ನಲ್ಲಿ ಎರಡೂ ಹೆಣೆದುಕೊಂಡಿದ್ದವು.

ಮೂರು ವಾರ ರಜೆ ಹಾಕಿದೆ. ಮೊದಲ ನಾಲ್ಕು ದಿನ ನಿದ್ದೆಯೋ ನಿದ್ದೆ. ಮೈ ಹಗುರವಾಯಿತು. ಐದನೇ ದಿನ ಹನ್ನೊಂದು ಗಂಟೆಯಾದರೂ ಪರದೆ ಸರಿಸಿರಲಿಲ್ಲ. ಫೋನ್ ಹೊಡೆದುಕೊಳ್ಳುತ್ತಿತ್ತು, ಅಕ್ಕನ ಹೆಸರು ಕಾಣುತ್ತಿತ್ತು, ಕೈ ಚಾಚಲಿಲ್ಲ. ಹಾಸಿಗೆಯ ಪಕ್ಕದ ಕುರ್ಚಿಯ ಮೇಲೆ ಮಡಚದ ಬಟ್ಟೆ ಬಿದ್ದಿತ್ತು. ಅದನ್ನು ನೋಡುತ್ತಾ ಮಧ್ಯಾಹ್ನವಾಯಿತು. ರಜೆ ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಮೇವು. ದಣಿದ ದೇಹಕ್ಕೆ ಮಲಗುವುದು ಬೇಕಿತ್ತು. ಖಿನ್ನತೆಗೂ ಅದೇ ಬೇಕಿತ್ತು, ಯಾರೂ ಇಲ್ಲದ ಕತ್ತಲೆ ಕೋಣೆ. 'ರಜೆ ಹಾಕಿಯೂ ಸುಧಾರಿಸಲಿಲ್ಲ, ಎಂಥವಳು ನಾನು' ಅನ್ನುವ ಬೈಗುಳ ಬೇರೆ.

ಅದೇ ವಾರ ನಾಲ್ಕು ದಿನ ಮಾತ್ರೆ ಮರೆತಿದ್ದೆ. ಬೇಕಂತಲ್ಲ, ದಿನದ ಲೆಕ್ಕವೇ ತಪ್ಪಿತ್ತು. ತಲೆ ಸುತ್ತು, ಸಣ್ಣದಕ್ಕೂ ಸಿಡುಕು. ಈ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಹೀಗಾಗುವುದುಂಟು. ಈಗ ಡಬ್ಬಿ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇರುತ್ತದೆ.

ಆಮೇಲೆ ಆಪ್ತಸಮಾಲೋಚಕರು ಒಂದು ನೋಟ್‌ಬುಕ್ ಇಡಲು ಹೇಳಿದರು. ಮನಸ್ಸು ಬರಲಿ ಆಮೇಲೆ ಮಾಡೋಣ ಅಂತ ಕಾಯಬೇಡಿ, ಚೂರು ಮಾಡಿ, ಮನಸ್ಸು ಹಿಂದಿನಿಂದ ಬರುತ್ತದೆ ಅಂದರು. ದಿನಾ ಒಂದೇ ಹೊತ್ತಿಗೆ ಏಳಬೇಕು. ದೇಹಕ್ಕೊಂದು ಸಣ್ಣ ಕೆಲಸ, ಒಬ್ಬರ ಜೊತೆ ಮಾತು, ಹಿಂದೆ ಇಷ್ಟವಿದ್ದ ಒಂದು ವಿಷಯ. ಪ್ರತಿಯೊಂದರ ಮುಂದೆ ಎರಡು ಅಂಕ: ಎಷ್ಟು ಸುಸ್ತಾಯಿತು, ಎಷ್ಟು ಹಾಯೆನಿಸಿತು. ಮೊದಲ ಪುಟ ಈಗಲೂ ಇದೆ. 'ಹತ್ತು ನಿಮಿಷ ನಡಿಗೆ. ಸುಸ್ತು 6, ಹಾಯಿ 2.' 'ಮಲಗಿಕೊಂಡು ಮೂರು ಗಂಟೆ ಫೋನ್. ಸುಸ್ತು 7, ಹಾಯಿ 0.' ಇದನ್ನು ನಾನು ವಿಶ್ರಾಂತಿ ಅಂತ ಕರೆಯುತ್ತಿದ್ದೆ! 'ಅಕ್ಕನ ಫೋನ್. ಸುಸ್ತು 4, ಹಾಯಿ 5.' ತೆಗೆಯುವ ಮುಂಚೆ ಬೇಡವೇ ಬೇಡ ಅನಿಸಿತ್ತು. ಅಕ್ಕ ಬುದ್ಧಿ ಹೇಳಲಿಲ್ಲ. "ಎದ್ದೆಯೇನೇ?" ಅಂದಳು. "ಹ್ಞೂಂ" ಅಂದೆ. "ಸರಿ, ಕಿಟಕಿ ತೆಗಿ, ನಾನು ಲೈನಲ್ಲೇ ಇರ್ತೀನಿ" ಅಂದಳು. ಅಷ್ಟೇ ಸಾಕಿತ್ತು.

ಆದರೆ ನೋಟ್‌ಬುಕ್‌ನಿಂದ ಎರಡು ತರಗತಿ ಕಡಿಮೆಯಾಗುವುದಿಲ್ಲ, ಅಲ್ವಾ? ಒತ್ತಡ ಹಾಗೇ ಇದ್ದರೆ ನಡಿಗೆಯಿಂದ ಬರ್ನೌಟ್ ಹೋಗದು ಅಂತ ನನಗೆ ಖಾತ್ರಿ. ಕೆಲಸಕ್ಕೆ ಮರಳುವ ಮುಂಚೆ ಹೊರೆ ಇಳಿಸಿ ಅಂತ ಶಾಲೆಗೆ ಪತ್ರ ಬರೆದು ಕೇಳಿದೆ. ಕಾಯಿಲೆಯ ಹೆಸರು ಬರೆಯಲಿಲ್ಲ. ಅದನ್ನು ಯಾರಿಗೆ ಹೇಳಬೇಕು ಅನ್ನುವುದು ಅವರವರಿಗೆ ಬಿಟ್ಟದ್ದು. ಒಂದು ತರಗತಿ ತೆಗೆದರು, ಇನ್ನೊಂದು ಉಳಿಯಿತು. ಪತ್ರಿಕೆಗಳನ್ನು ಮನೆಗೆ ತರುವುದು ನಿಲ್ಲಿಸಿದೆ. ಒಂದು ಸಲಕ್ಕೆ ಹತ್ತೇ.

ಈಗಲೂ ಭಾರ ಬರುತ್ತದೆ. ಪತ್ರಿಕೆಯ ಕಟ್ಟು ಕಂಡಾಗ ಬಂದರೆ ಕೆಲಸದ್ದು, ಏನಾದರೂ ಇಳಿಸಬೇಕು. ಇಷ್ಟದವರು ಪಕ್ಕದಲ್ಲಿ ನಗುತ್ತಿದ್ದಾಗ ಕಾರಣವಿಲ್ಲದೆ ಬಂದರೆ ಖಿನ್ನತೆಯದು, ಎದ್ದು ಏನಾದರೂ ಮಾಡಬೇಕು. ಎಲ್ಲಾ ಸಲ ಗುರುತು ಸಿಗುವುದಿಲ್ಲ. 'ನಾನು ಇಲ್ಲದಿದ್ದರೇ ವಾಸಿ' ಅನ್ನುವ ಯೋಚನೆ ಬಂದರೆ ಮಾತ್ರ ಯಾವುದು ಏನು ಅಂತ ನೋಡುತ್ತಾ ಕೂರುವುದಿಲ್ಲ. ಅದೇ ದಿನ ಡಾಕ್ಟರಿಗೂ ಅಕ್ಕನಿಗೂ ಫೋನ್. ಎರಡು ಸಲ ಹಾಗೆ ಮಾಡಿದ್ದೇನೆ. ನೀವೂ ಮಾಡಿ, ದಯವಿಟ್ಟು.

ನಿನ್ನೆ ನಾಲ್ಕನೇ ಪತ್ರಿಕೆಯಲ್ಲಿ ಒಬ್ಬ ಹುಡುಗ ಹೃದಯದ ಚಿತ್ರ ಬರೆದಿದ್ದ. ರಕ್ತ ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ಸಣ್ಣ ಸಣ್ಣ ಬಾಣ ಹಾಕಿದ್ದ, ಒಂದು ಬಾಣ ಮಾತ್ರ ತಿರುಗುಮುರುಗು. ಅದಕ್ಕೆ ಸುತ್ತು ಹಾಕಿ ಅಂಚಿನಲ್ಲಿ ಬರೆದೆ: 'ಇದೊಂದು ಬಾಣ ತಿರುಗಿಸು. ಉಳಿದದ್ದೆಲ್ಲಾ ಚೆಂದ ಬರೆದಿದ್ದೀಯ.' ಹತ್ತು ಮುಗಿದ ಮೇಲೆ ಕಟ್ಟಿಗೆ ದಾರ ಸುತ್ತಿ, ಬೀರುವಿನಲ್ಲಿಟ್ಟು ಹೊರಟೆ. ಇನ್ನೂ ಬೆಳಕಿತ್ತು.