ಪರೇಲಿಗೆ ರೋಗಿಯನ್ನು ಕರೆತರುವ ಮೊದಲು

ಹುಬ್ಬಳ್ಳಿ, ಕಲಬುರಗಿ, ಉಡುಪಿ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆ ಮುಂಬೈನ ಪರೇಲಿನಲ್ಲಿರುವ ಟಾಟಾ ಆಸ್ಪತ್ರೆಗೆ ಬರುವ ಮನೆಗಳಲ್ಲಿ ಇಲ್ಲಿನ ಕನ್ನಡಿಗರು ಪದೇಪದೇ ಕಾಣುವುದು ಇದು: ಮೊದಲ ವಾರ ಏಳೆಂಟು ಮಂದಿ, ಮೂರನೇ ತಿಂಗಳಿಗೆ ರೋಗಿಯ ಪಕ್ಕ ಒಬ್ಬರೇ. ಧೈರ್ಯ ಕುಸಿಯುವುದು ಆಗಲೇ. ಹಾಗಾಗಿ ಊರು ಬಿಡುವ ಮೊದಲೇ ಪಾಳಿ ಹಂಚಿಕೊಳ್ಳಿ.

ಕೀಮೋ ಬಹಳ ಸಲ 21 ದಿನಕ್ಕೊಮ್ಮೆ, ತಿಂಗಳುಗಟ್ಟಲೆ ನಡೆಯುತ್ತದೆ. ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಐದಾರು ವಾರ ಆಗುವುದೂ ಉಂಟು. ಮೊದಲ ಸಲಕ್ಕೆ ರೋಗಿ, ಜೊತೆಗೆ ಹಿಂದಿ ಮಾತಾಡಬಲ್ಲ, ಕಾಗದಪತ್ರ ನೋಡಿಕೊಳ್ಳಬಲ್ಲ ಒಬ್ಬರು ಬಂದರೆ ಸಾಕು. ಆಮೇಲೆ ಹದಿನೈದು ದಿನಕ್ಕೊಬ್ಬರು ಬದಲಾಗಲಿ. ಬಂದವರೂ ಹೋಗುವವರೂ ಎರಡು ದಿನ ಒಟ್ಟಿಗೆ ಇರಲೇಬೇಕು; ಯಾವ ಮಾತ್ರೆ ಯಾವ ಹೊತ್ತಿಗೆ, ಯಾವ ಕೌಂಟರಿನಲ್ಲಿ ಯಾವ ಚೀಟಿ, ಡಾಕ್ಟರು ಹೇಳಿದ್ದೇನು, ಎಲ್ಲ ಒಂದೇ ನೋಟ್‌ಬುಕ್ಕಿನಲ್ಲಿ ಇರಲಿ. ಊರಿಗೆ ಸುದ್ದಿ ಮುಟ್ಟಿಸುವ ಕೆಲಸ ಒಬ್ಬರದೇ ಆಗಲಿ. ಇಲ್ಲದಿದ್ದರೆ ಸಂಜೆಯಾಯಿತೆಂದರೆ ‘ಹೇಗಿದ್ದೀರಿ’ ಅನ್ನುವ ಫೋನಿಗೆ ಉತ್ತರ ಕೊಟ್ಟೇ ರೋಗಿ ಸುಸ್ತಾಗುತ್ತಾರೆ. ಊರಲ್ಲೇ ಉಳಿದು ದನ, ಮಕ್ಕಳ ಶಾಲೆ, ಸಾಲದ ಕಂತು ನೋಡಿಕೊಳ್ಳುವವರದೂ ಪಾಳಿಯೇ. ಅವರನ್ನು ಮರೆಯುವುದು ಅನ್ಯಾಯ.

ಬರುವಾಗ ಬಯಾಪ್ಸಿ ರಿಪೋರ್ಟ್ ಮಾತ್ರ ತಂದರೆ ಸಾಲದು. ಬಯಾಪ್ಸಿಯಲ್ಲಿ ತೆಗೆದ ತುಣುಕನ್ನು ಇಟ್ಟಿರುವ ಗಾಜಿನ ಸ್ಲೈಡುಗಳು, ಮೇಣದ ಬ್ಲಾಕುಗಳು ಎರಡೂ ಬೇಕು, ಇಲ್ಲಿನ ಪೆಥಾಲಜಿಯವರು ಮತ್ತೆ ನೋಡುತ್ತಾರೆ. ಅವಿಲ್ಲದೆ ಬಂದರೆ ಒಬ್ಬರು ವಾಪಸ್ ಊರಿಗೆ ಓಡಬೇಕು, ಇಲ್ಲವೇ ಬಯಾಪ್ಸಿ ಮತ್ತೆ ಮಾಡಿಸಬೇಕು. ಬೇಸಿಗೆಯಲ್ಲಿ ಬ್ಲಾಕುಗಳನ್ನು ಬಿಸಿಲಿಗೆ ಕಾದ ಗಾಡಿಯೊಳಗೆ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ಸಿಟಿ, ಪೆಟ್ ಸ್ಕ್ಯಾನಿನ ಸಿಡಿಯನ್ನೂ ಕೇಳಿ ಪಡೆಯಿರಿ.

ದಾದರ್ ಪೂರ್ವದ ಗಾಡಗೇ ಮಹಾರಾಜ್ ಧರ್ಮಶಾಲೆ, ಪರೇಲಿನ ನಾನಾ ಪಾಲ್ಕರ್ ಸ್ಮೃತಿ ಸಮಿತಿಯಂಥ ಕಡೆ ರೋಗಿಗಳಿಗೆ ವಸತಿಯಿದೆ. ಆಸ್ಪತ್ರೆಯ ಕಾಗದ, ಆಧಾರ್ ಕೈಯಲ್ಲಿರಲಿ. ಆದರೆ ಖಾಸಗಿ ರೂಮಿಗೆ ತಿಂಗಳ ಮುಂಗಡ ಕೊಡಲು ಅವಸರ ಬೇಡ. ಟಾಟಾದ ಇನ್ನೊಂದು ಕೇಂದ್ರ ನವಿ ಮುಂಬೈನ ಖಾರ್ಘರಿನಲ್ಲಿದೆ, ಚಿಕಿತ್ಸೆ ಅಲ್ಲಿಗೆ ಬರೆದುಕೊಟ್ಟರೆ ದಿನಾ ಪರೇಲಿನಿಂದ ಕುರ್ಲಾಕ್ಕೆ ಬಂದು ಹಾರ್ಬರ್ ಲೈನಿನ ಲೋಕಲ್ ರೈಲು ಹಿಡಿಯುವುದು ರೋಗಿಯ ಕೈಲಾಗುವ ಮಾತಲ್ಲ. ಖರ್ಚಿನ ದಾರಿ ಕಾಣದಿದ್ದರೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ವಾರವೇ ಕಾಣಿ. ರೈಲು ರಿಯಾಯಿತಿಯ ಸರ್ಟಿಫಿಕೇಟನ್ನೂ ಆಸ್ಪತ್ರೆಯಿಂದಲೇ ಪಡೆಯಬೇಕು.

ಇನ್ನು ದೇವರ ವಿಷಯ. ‘ಅದೆಲ್ಲ ಬಿಡಿ’ ಎಂದು ರೋಗಿಗೆ ಹೇಳುವವರು ಅವರ ಅರ್ಧ ಬಲವನ್ನೇ ಕಿತ್ತುಕೊಳ್ಳುತ್ತಾರೆ. ಬಿಡಬೇಕಾಗಿಲ್ಲ, ಆಚರಣೆಯನ್ನು ಚಿಕಿತ್ಸೆಗೆ ಹೊಂದಿಸಿಕೊಂಡರಾಯಿತು. ಕೀಮೋ ಆದ ಸುಮಾರು ಏಳರಿಂದ ಹದಿನಾಲ್ಕು ದಿನದ ನಡುವೆ ಬಿಳಿ ರಕ್ತಕಣ ಇಳಿದಿರುತ್ತವೆ, ಸೋಂಕು ಬೇಗ ತಗಲುತ್ತದೆ. ಆ ದಿನಗಳಲ್ಲಿ ಕಾಯಿಸದ ತೀರ್ಥ, ಹೊರಗಿನ ಪಂಚಾಮೃತ, ಮಂಗಳವಾರದ ಸಿದ್ಧಿವಿನಾಯಕನ ಸಾಲು, ಬುಧವಾರದ ಮಾಹಿಮ್ ಚರ್ಚಿನ ನೊವೇನಾ ಪ್ರಾರ್ಥನೆ ರೋಗಿಗೆ ಬೇಡ. ಜೊತೆಗಿದ್ದವರು ಹೋಗಿ ಬರಲಿ. ಕುಂಕುಮ, ವಿಭೂತಿಗೆ ಅಡ್ಡಿಯಿಲ್ಲ, ರೇಡಿಯೇಷನ್ ಬೀಳುವ ಚರ್ಮದ ಮೇಲೆ ಮಾತ್ರ ಏನೂ ಹಚ್ಚಬಾರದು. ಯುಗಾದಿ, ದೀಪಾವಳಿ ಬಂದಾಗ ಒಂದು ಎಡವಟ್ಟು ಆಗುತ್ತದೆ: ಎಣ್ಣೆಸ್ನಾನ ಮಾಡಿಸಿ ರೇಡಿಯೇಷನ್ ಎಲ್ಲಿ ಬೀಳಬೇಕೆಂದು ಚರ್ಮದ ಮೇಲೆ ಹಾಕಿದ ಗುರುತನ್ನು ತೊಳೆದುಬಿಡುತ್ತಾರೆ. ಅಳಿಸಿದರೆ ನೀವೇ ಪೆನ್ನಿನಲ್ಲಿ ತಿದ್ದಬೇಡಿ, ಟೆಕ್ನಿಷಿಯನ್‌ಗೆ ಹೇಳಿ.

ಉಪವಾಸ ಸದ್ಯಕ್ಕೆ ಮನೆಯ ಬೇರೊಬ್ಬರು ಮಾಡಲಿ. ಹರಕೆಯನ್ನು ಮುಡಿಪು ಕಟ್ಟಿಟ್ಟು ಮುಂದಕ್ಕೆ ಹಾಕುವ ದಾರಿ ನಮ್ಮ ಹಿರಿಯರೇ ಮಾಡಿಟ್ಟಿದ್ದಾರಲ್ಲ. ಕೂದಲು ಉದುರುವ ಔಷಧಿಯಾದರೆ ಎರಡು ಮೂರು ವಾರದಲ್ಲಿ ಉದುರಲು ಶುರುವಾಗುತ್ತದೆ. ಉದುರುವ ಮೊದಲೇ ಮುಡಿ ಕೊಟ್ಟರೆ ಕಳೆದುಕೊಂಡ ಸಂಕಟ ಕೆಲವರಿಗೆ ಕಡಿಮೆ. ಆದರೆ ರಕ್ತಕಣ ಇಳಿದಾಗ ಕ್ಷೌರದ ಕತ್ತಿ ಬೇಡ, ಟ್ರಿಮರ್ ಸಾಕು. ಎಂಆರ್‌ಐಗೆ ತಾಳಿ, ಕಾಲುಂಗುರ ತೆಗೆಯಲೇಬೇಕು. ಇದನ್ನು ಬಾಗಿಲಲ್ಲಿ ನಿಂತಾಗ ಹೇಳಿದರೆ ಹೆಣ್ಣುಮಕ್ಕಳು ಕುಸಿದುಹೋಗುತ್ತಾರೆ. ಹಿಂದಿನ ದಿನವೇ ತಿಳಿಸಿ, ಲೋಹವಿಲ್ಲದ ಅರಿಶಿನ ಕೊಂಬಿನ ದಾರ ಕಟ್ಟಬಹುದೇ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿಟ್ಟುಕೊಳ್ಳಿ. ದೇವರ ಹೆಸರಲ್ಲಿ ಬರುವ ಕಷಾಯ, ಬೇರಿನ ಪುಡಿಗಳನ್ನು ಮಾತ್ರ ಡಾಕ್ಟರಿಗೆ ತೋರಿಸದೆ ಕೊಡಬೇಡಿ. ಲಿವರಿಗೆ ಏಟು ಬಿದ್ದರೆ ಮುಂದಿನ ಕೀಮೋ ನಿಲ್ಲುತ್ತದೆ.

ಬಾಯಿ ಹುಣ್ಣಾದವರಿಗೆ ಖಾರವಿಲ್ಲದ ಗಂಜಿ, ಮೆತ್ತಗಿನ ಇಡ್ಲಿ, ಅವತ್ತೇ ಕಲಸಿದ ಮೊಸರನ್ನ ಇಳಿಯುತ್ತದೆ. ದಕ್ಷಿಣದವರು ಹೆಚ್ಚಿರುವ ಮಾಟುಂಗಾದಲ್ಲಿ ಇಡ್ಲಿಗೆ ಬರವಿಲ್ಲ, ಹೊರಗಿನ ಚಟ್ನಿ ಬಿಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ, ರಾತ್ರಿಯೇ ಎಮರ್ಜೆನ್ಸಿಗೆ ಹೋಗಿ.

ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಮನೆಯಲ್ಲಿ ಜಗಳ ಹುಟ್ಟುತ್ತದೆ: ರೋಗಿಗೆ ಹೇಳುವುದೋ ಬೇಡವೋ. ‘ನಿಮಗೆ ಎಷ್ಟು ತಿಳಿಯಬೇಕು ಅನ್ನಿಸುತ್ತದೆ’ ಎಂದು ಅವರನ್ನೇ ಕೇಳುವುದು ಒಳ್ಳೆಯದು. ಹೆಚ್ಚಿನವರಿಗೆ ಅಷ್ಟರಲ್ಲಿ ಅಂದಾಜು ಇರುತ್ತದೆ. ಟಾಟಾದಲ್ಲಿ ನೋವು ಶಮನದ ಪ್ಯಾಲಿಯೇಟಿವ್ ವಿಭಾಗವಿದೆ, ಅಲ್ಲಿಗೂ ಹೆಸರು ಬರೆಸಿ. ನೋವು ತಗ್ಗಿಸುವ ಮಾರ್ಫಿನ್ ಬರೆದುಕೊಟ್ಟರೆ ನಿಮ್ಮ ಜಿಲ್ಲೆಯಲ್ಲಿ ಅದು ಎಲ್ಲಿ ಸಿಗುತ್ತದೆ ಎಂದು ರೈಲು ಹತ್ತುವ ಮೊದಲೇ ವಿಚಾರಿಸಿ, ಎಲ್ಲ ಔಷಧಿ ಅಂಗಡಿಗಳಲ್ಲೂ ಅದನ್ನು ಇಡುವುದಿಲ್ಲ.