ಕೆಜಿಎಫ್‌ನ ಒಂದು ಬ್ಯಾಂಡು, ಅದರ ಬೆನ್ನು ನೋಡಿದ ಹುಡುಗ

ಕೆಜಿಎಫ್‌ಗೆ ಹೋಗಿ ಬಂದವರೆಲ್ಲ ಸೈನೈಡ್ ಗುಡ್ಡದ, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಗಣಿ ಮಣ್ಣಿನ ರಾಶಿಯ, ಫೋಟೋ ಹಾಕುತ್ತಾರೆ. ನಾವೂ ತೆಗೆದೆವು. ಒಂದೂ ನೆಟ್ಟಗೆ ಬಂದಿಲ್ಲ, ಬಿಡಿ. ನಾನು ಬರೆಯಲು ಕೂತಿರುವುದು ಚಾಂಪಿಯನ್ ರೀಫ್ಸ್ ಕಡೆಯ ಒಂದು ಟೀ ಅಂಗಡಿಯಲ್ಲಿ ಸಿಕ್ಕ ಹಿರಿಯರ ಬಗ್ಗೆ. ಟೀ ಕುಡಿದು ಎದ್ದುಬಿಡೋಣ ಅಂತ ಕೂತವರು ಊಟದ ಹೊತ್ತು ಮೀರಿದರೂ ಅಲ್ಲೇ ಇದ್ದೆವು.

ಹೋಗಿದ್ದು ನಾನು, ಅಕ್ಕ, ಭಾವ. ಬೆಂಗಳೂರಿನಿಂದ ಮಾರಿಕುಪ್ಪಂ ರೈಲು. ಬೆಳಿಗ್ಗೆ ಬೆಂಗಳೂರಿನಿಂದ ಹೊರಟರೆ ಸೀಟು ಆರಾಮಾಗಿ ಸಿಗುತ್ತದೆ, ಯಾಕೆಂದರೆ ಜನವೆಲ್ಲ ಎದುರು ದಿಕ್ಕಿನಲ್ಲಿ ಬರುತ್ತಿರುತ್ತಾರೆ. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಅವತ್ತಿನಿಂದ ಈ ಊರಿನ ಸಾವಿರಾರು ಮಂದಿಗೆ ದಿನಾ ಬೆಂಗಳೂರಿಗೆ ಹೋಗಿ ಬರುವುದೇ ಬದುಕು. ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿಂದೆವು. ಅಲ್ಲಿಯ ಪಾನಿ ಹಸಿರಾಗಿರುವುದಿಲ್ಲ, ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತದೆ. ಖಾರ ಮಾತ್ರ ಮೂಗಿನಲ್ಲಿ ಇಳಿಯುತ್ತದೆ. ಭಾವ ಹೊಗಳಿದ್ದೇ ಹೊಗಳಿದ್ದು. ನನಗೆ ನಮ್ಮ ಬೀದಿ ಕೊನೆಯ ಗಾಡಿಯವನದ್ದೇ ವಾಸಿ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಹೊಟ್ಟೆ ಇನ್ನೂ ಉರಿಯುತ್ತಿದೆ. ಕೆಜಿಎಫ್ ಸ್ಟೇಷನ್ ಹೊರಗೆ ಒಬ್ಬ ಸಿಕ್ಕಿ "ಗಣಿಗೆ ಇಳಿಯೋ ಶಾಫ್ಟ್ ಹತ್ರಾನೇ ಕರ್ಕೊಂಡು ಹೋಗ್ತೀನಿ ಅಕ್ಕಾ, ನಮ್ಮೋರೇ ಇದಾರೆ" ಅಂದ. ಮೊದಲೇ ಐನೂರು ಇಸಿದುಕೊಂಡ. ಒಂದು ತುಕ್ಕು ಹಿಡಿದ ಗೇಟಿನ ಮುಂದೆ ನಿಲ್ಲಿಸಿ, ಈಗ ಬಂದೆ ಅಂತ ಹೋದವನು ಹೋದ. ಕಾವಲಿನವರು ಬಂದು ನಮ್ಮನ್ನು ಗದರಿಸಿ ಕಳಿಸಿದರು. ಅವರದ್ದೇನೂ ತಪ್ಪಿಲ್ಲ. ಅನುಮತಿ ಇಲ್ಲದೆ ಗಣಿ ಜಾಗಕ್ಕೆ ಬಿಡುವುದಿಲ್ಲ, ಬಿಡಲೂಬಾರದು, ಹಳೇ ಗುಂಡಿಗಳು ಎಲ್ಲಿ ಬಾಯಿ ತೆರೆದಿವೆಯೋ ಯಾರಿಗೆ ಗೊತ್ತು. ಯಾರಾದರೂ "ನಮ್ಮೋರೇ ಇದಾರೆ" ಅಂದರೆ ಕಾಸು ಬಿಚ್ಚಬೇಡಿ.

ಆ ಸಿಟ್ಟಿನಲ್ಲೇ ನಡೆಯುತ್ತಾ ಹೋಗಿ ಸಿಕ್ಕಿದ್ದು ಆ ಟೀ ಅಂಗಡಿ. ಎದುರಿಗೆ ಒಂದು ಹಳೇ ಹಾಲ್. ತಗಡಿನ ಚಾವಣಿ, ಉದ್ದನೆಯ ವೆರಾಂಡ, ಬಾಗಿಲಿಗೆ ಬೀಗ, ಬೀಗದ ಮೇಲೆ ಇನ್ನೊಂದು ಬೀಗ. ಒಳಗೆ ನೂರೈವತ್ತು ಜನ ಹಿಡಿಸಬಹುದು, ಅದೂ ಒತ್ತಿಕೊಂಡು ನಿಂತರೆ. ಭಾವ ಐರನ್ ಮೇಡನ್ ಟೀಶರ್ಟ್ ಹಾಕಿದ್ದರು. ಅವರ ಹತ್ತಿರ ಇರುವುದೆಲ್ಲ ಅದೇ, ಮದುವೆ ಮನೆಗೂ ಒಂದು ಇಟ್ಟುಕೊಂಡಿದ್ದಾರೆ. ಬೆಂಚಿನ ತುದಿಯಲ್ಲಿ ಕೂತಿದ್ದ ಹಿರಿಯರು ಆ ಟೀಶರ್ಟನ್ನೇ ನೋಡುತ್ತಿದ್ದರು.

"ಅದೇನ್ ಸಾರ್, ಎದೆ ಮೇಲೆ ಪಿಶಾಚಿ?"

"ಎಡ್ಡಿ ಅಂತ. ಬ್ಯಾಂಡಿನ ಗುರುತು."

"ಯಾವ್ ಬ್ಯಾಂಡು? ಡ್ಯಾನ್ಸ್ ಮಾಡಕ್ಕಾಗತ್ತಾ ಅದಕ್ಕೆ?"

ಭಾವನಿಗೆ ಏನು ಹೇಳಬೇಕೋ ತೋಚಲಿಲ್ಲ. ಕೊನೆಗೆ ತಲೆ ಆಡಿಸಬಹುದು ಅಂದರು. "ತಲೆ ಆಡ್ಸಕ್ಕೆ ಬ್ಯಾಂಡ್ ಯಾಕೆ ಸಾರ್, ಹೆಂಡ್ತಿ ಸಾಕಲ್ವಾ" ಅಂದರು ಅವರು. ಅಕ್ಕ ಅಲ್ಲಿಂದ ಅವರ ಪಕ್ಷ.

ನಾನು ತಾತ ಅಂದೆ. ಮುಖ ಸಿಂಡರಿಸಿಕೊಂಡರು. ಅಂಕಲ್ ಅಂದ ಮೇಲೆ ಸರಿಹೋಯಿತು. ಮನೆಮಾತು ತಮಿಳು, ಕನ್ನಡ ಕೋಲಾರದ್ದು, ಮಧ್ಯೆ ಮಧ್ಯೆ ಇಂಗ್ಲಿಷು ಮಾತ್ರ ಯಾವುದೋ ಆಂಗ್ಲೋ ಇಂಡಿಯನ್ ಫೋರ್‌ಮನ್ ಬಾಯಿಂದ ಉದುರಿದಂತೆ. ಗಣಿಯ ಒಳಗೆ ಎಲೆಕ್ಟ್ರಿಷಿಯನ್ ಆಗಿದ್ದವರು. ಅಪ್ಪನೂ ಗಣಿಯವರೇ, ಹುಟ್ಟಿ ಬೆಳೆದಿದ್ದು ಲೈನ್ ಮನೆಯಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲುಮನೆಯಲ್ಲಿ.

ಎದುರಿನ ಹಾಲ್‌ನಲ್ಲಿ ಅರವತ್ತರ ದಶಕದ ಕೊನೆಯಲ್ಲಿ ಶನಿವಾರ ಶನಿವಾರ ಡ್ಯಾನ್ಸ್ ಇರುತ್ತಿತ್ತಂತೆ. ಮೊದಲು ಹೌಸಿ, ಅಂದರೆ ನಂಬರ್ ಕೂಗಿ ಆಡುವ ತಂಬೋಲಾ, ಆಮೇಲೆ ಬ್ಯಾಂಡು. ಕ್ರಿಸ್‌ಮಸ್ ವಾರದಲ್ಲಿ ದಿನಾ. ನುಣುಪಾಗಲಿ ಅಂತ ಮರದ ನೆಲಕ್ಕೆ ಕೇರಂ ಬೋರ್ಡಿಗೆ ಹಾಕುವ ಪೌಡರನ್ನೇ ಉದುರಿಸುತ್ತಿದ್ದರು. ಬ್ಯಾಂಡಿನಲ್ಲಿ ನಾಲ್ಕು ಜನ. ಮೂವರು ಇಲ್ಲಿಯ ಆಂಗ್ಲೋ ಇಂಡಿಯನ್ ಹುಡುಗರು, ಡ್ರಮ್ಸ್‌ನವನು ಮಾತ್ರ ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿದ್ದ. ಗಿಟಾರಿನ ತಂತಿ ಕಿತ್ತರೆ ಸೈಕಲ್ಲಿನ ಬ್ರೇಕ್ ವೈರ್ ಬಿಡಿಸಿ ಒಂದು ಎಳೆ ಕಟ್ಟುವುದು. ಹಾಡು ಕಲಿಯುವುದು ರೇಡಿಯೋ ಸಿಲೋನ್ ಕೇಳಿ. ಗರಗರ ಸದ್ದಿನಲ್ಲಿ ಅರ್ಧ ಸಾಲು ಕೇಳಿಸದೇ ಹೋದರೆ ಆ ಅರ್ಧ ಸ್ವಂತದ್ದು.

"ನೀವು ಒಳಗೆ ಹೋಗ್ತಿದ್ರಾ ಅಂಕಲ್?"

"ನಾವಾ? ಒಳಗಾ?" ಅಂತ ನಕ್ಕರು. "ಲೈನ್ ಹುಡುಗ್ರನ್ನ ಯಾರಮ್ಮಾ ಬಿಡ್ತಿದ್ರು. ಅಗೋ, ಆ ಕಿಟಕಿ."

ಎದ್ದು ಹೋಗಿ ನೋಡಿದೆವು. ಹಾಲ್‌ನ ಹಿಂಬದಿ, ಚರಂಡಿ ಪಕ್ಕ, ಎದೆ ಮಟ್ಟದ ಕಿಟಕಿ. ಕಂಬಿಗಳಿಗೆ ಎಷ್ಟೋ ಸಲ ಬಣ್ಣ ಬಳಿದು ಬಳಿದು ದಪ್ಪವಾಗಿವೆ. ಹುಡುಗರು ಕೈಯಿಟ್ಟು ನಿಲ್ಲುತ್ತಿದ್ದ ಕಡೆ ಮಾತ್ರ ಕಬ್ಬಿಣ ಕಾಣುವಷ್ಟು ಸವೆದಿದೆ ಅಂತ ಅವರೇ ತೋರಿಸಿದರು. ಒಳಗೆ ಇಣುಕಿದರೆ ಎದುರಿಗೇ ಸ್ಟೇಜು. ಅಂದರೆ ಕಿಟಕಿ ಇರುವುದು ಸ್ಟೇಜಿನ ಬೆನ್ನಿಗೆ. ಅಲ್ಲಿಂದ ಬ್ಯಾಂಡಿನವರ ಮುಖ ಕಾಣುವ ಸಾಧ್ಯತೆಯೇ ಇಲ್ಲ.

"ಮುಖ ಗೊತ್ತಿರ್ಲಿಲ್ಲ. ಬೆನ್ನು ಗೊತ್ತಿತ್ತು" ಅಂದರು. ಲೀಡ್ ಗಿಟಾರಿನವನ ಷರ್ಟು ಎಡ ಭುಜದ ಹತ್ತಿರ ಮೊದಲು ಒದ್ದೆಯಾಗುತ್ತಿತ್ತು. ಬೇಸ್‌ನವನು ಲೆಕ್ಕಕ್ಕೆ ಹಿಮ್ಮಡಿ ಕುಟ್ಟುತ್ತಿದ್ದ, ಅದೂ ಬಲಗಾಲಿನದ್ದೇ. ಒಂದು ದಿನ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಯಾರೋ ಬದನೆಕಾಯಿ ಆರಿಸುತ್ತಾ ಬಗ್ಗಿದ್ದರಂತೆ. ಇವರು ಹಿಂದಿನಿಂದ ನೋಡಿ "ಗಿಟಾರ್ ಸಾರ್!" ಅಂತ ಕೂಗಿದ್ದಾರೆ. ಆ ಮನುಷ್ಯ ತಿರುಗಿದರೆ ಇವರಿಗೇ ಗುರುತು ಸಿಗಲಿಲ್ಲ.

ಅವರಿಗೆ ನಿಜಕ್ಕೂ ಕಾಣುತ್ತಿದ್ದುದು ಆಂಪ್ಲಿಫೈಯರ್‌ನ ಹಿಂಬದಿ. ಹಿಂದಿನ ತಗಡು ಬಿಚ್ಚಿಟ್ಟಿರುತ್ತಿದ್ದರು. ಸ್ವಿಚ್ ಹಾಕಿದ ತಕ್ಷಣ ಸದ್ದು ಬರುವುದಿಲ್ಲ, ಒಳಗಿನ ಗಾಜಿನ ವಾಲ್ವ್ ಬಿಸಿಯಾಗಬೇಕು. ಮೊದಲು ಒಂದು ಸಣ್ಣ ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಧೂಳು ಸುಟ್ಟ ವಾಸನೆ, ಆಮೇಲೆ ಗುಂಯ್. ಹಾಡಿಗಿಂತ ಅದೇ ಜಾಸ್ತಿ ಇಷ್ಟ ಅಂತ ಅವರು ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ, ಕೈಯಲ್ಲೇ ಆಂಪ್ಲಿಫೈಯರ್‌ನ ಹೊಟ್ಟೆ ಬಗೆದು ತೋರಿಸುತ್ತಿದ್ದರು. ಎಲೆಕ್ಟ್ರಿಷಿಯನ್ ಆಗಬೇಕು ಅನ್ನಿಸಿದ್ದು ಆ ಕಿಟಕಿಯಲ್ಲಿ. ಕರೆಂಟಿನ ಮಾತು ಬಂದರೆ ಅವರನ್ನು ಹಿಡಿಯುವವರಿಲ್ಲ. "ಬೆಂಗಳೂರಿಗೆ ಕರೆಂಟ್ ಬಂದಿದ್ದು 1905. ನಮ್ಗೆ 1902! ಶಿವನಸಮುದ್ರದಿಂದ ಸೀದಾ ಇಲ್ಲಿಗೆ." ಗಣಿಯ ಯಂತ್ರಗಳಿಗಾಗಿ ಸುಮಾರು 150 ಕಿಲೋಮೀಟರ್ ಎಳೆದ ಲೈನು ಅದು. ಅರ್ಧ ಹಾಡಿನಲ್ಲಿ ಕರೆಂಟ್ ಹೋಗದ ಊರು ಅಂತ ಬ್ಯಾಂಡಿನವರಿಗೂ ಕೆಜಿಎಫ್ ಅಂದರೆ ಪ್ರೀತಿಯಂತೆ.

ಭಾವ ಸುಮ್ಮನಿರಬೇಕಲ್ಲ. 2007ರ ಮಾರ್ಚ್ 17, ಅರಮನೆ ಮೈದಾನ, ಐರನ್ ಮೇಡನ್ ಭಾರತಕ್ಕೆ ಮೊದಲ ಸಲ ಬಂದಿದ್ದು, ತಾವು ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತಿದ್ದು ಎಲ್ಲ ಹೇಳಿದರು. ಈ ಕಥೆ ನಮ್ಮ ಮನೆಯಲ್ಲಿ ಸತ್ಯನಾರಾಯಣ ವ್ರತದ ಕಥೆಯ ಹಾಗೆ, ಎದ್ದು ಹೋಗುವಂತಿಲ್ಲ.

"ಎಷ್ಟು ದೂರ ಇದ್ರಿ?"

"ಸ್ವಲ್ಪ ಹಿಂದೆ. ಸ್ಕ್ರೀನ್ ಇತ್ತು."

"ಸ್ಕ್ರೀನ್ ನೋಡಿದ್ರಾ!"

ಭಾವನಿಗೆ ಮುಖಭಂಗ. ಐರನ್ ಮೇಡನ್‌ನವರೂ ಶುರು ಮಾಡಿದ್ದು ಲಂಡನ್ನಿನ ಪಬ್‌ನಲ್ಲೇ, ಸ್ಟ್ರಾಟ್‌ಫರ್ಡ್‌ನ ಕಾರ್ಟ್ ಅಂಡ್ ಹಾರ್ಸಸ್ ಅಂತ, 1976ರಲ್ಲಿ ಅಲ್ಲಿ ಬೆರಳೆಣಿಕೆ ಜನ ಇರುತ್ತಿದ್ದರು ಅಂತ ವಾದ ಹೂಡಿದರು. "ಹಾಗಾದ್ರೆ ಬ್ಯಾಂಡ್ ನೋಡ್ದೋರು ಅವ್ರು" ಅಂದರು ಅಂಕಲ್. ನನಗೆ ಇದು ಸ್ವಲ್ಪ ಅನ್ಯಾಯ ಅನ್ನಿಸಿತು. ಅಷ್ಟು ದೊಡ್ಡ ಮೈದಾನದಲ್ಲಿ ಗೊತ್ತಿಲ್ಲದವರ ಹೆಗಲ ಮೇಲೆ ಕೈ ಹಾಕಿ ಒಂದೇ ಸಾಲು ಕೂಗುವುದಕ್ಕೂ ಒಂದು ಸುಖವಿದೆ. ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ಭಾವ ಕೊನೆಯ ಬಾಣ ಬಿಟ್ಟರು. ಲಿವರ್‌ಪೂಲ್‌ನ ಕ್ಯಾವರ್ನ್ ಕ್ಲಬ್. ಮ್ಯಾಥ್ಯೂ ಸ್ಟ್ರೀಟ್‌ನಲ್ಲಿ ಒಂದು ಗೋದಾಮಿನ ನೆಲಮಾಳಿಗೆ, ಇಟ್ಟಿಗೆ ಕಮಾನು, ಗಾಳಿ ಇಲ್ಲ, ಗೋಡೆಯಲ್ಲಿ ಬೆವರು ಇಳಿಯುತ್ತಿತ್ತು. 1961ರಿಂದ 1963ರವರೆಗೆ ಬೀಟಲ್ಸ್ ಅಲ್ಲಿ ಮುನ್ನೂರರ ಹತ್ತಿರ ಸಲ ನುಡಿಸಿದರು.

"ನೆಲದ ಕೆಳಗಾ? ಎಷ್ಟು ಕೆಳಗೆ?"

"ಒಂದಷ್ಟು ಮೆಟ್ಟಿಲು ಇಳೀಬೇಕು."

ಟೀ ಅಂಗಡಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ತಳದ ಬಂಡೆಯ ಶಾಖ ಅರವತ್ತು ಡಿಗ್ರಿ ದಾಟುತ್ತಿತ್ತು. ಮೆಟ್ಟಿಲು ಇಳಿದು ಬೆವರಿದವರ ಕಥೆ ಅವರ ಮುಂದೆ ಹೇಳಬಾರದಿತ್ತು.

"ಈಗ್ಲೂ ಇದ್ಯಾ ಆ ಹಾಲು?"

"1973ರಲ್ಲಿ ಒಡೆದ್ರು. ಕೆಳಗಡೆ ರೈಲಿಗೆ ಗಾಳಿ ಬರೋ ಶಾಫ್ಟ್ ತೋಡ್ಬೇಕು ಅಂತ. ಆ ಶಾಫ್ಟ್ ತೋಡ್ಲೇ ಇಲ್ಲ. ಆಮೇಲೆ 84ರಲ್ಲಿ ಹಳೇ ಇಟ್ಟಿಗೆ ಕೆಲವು ಹಾಕಿ ಮತ್ತೆ ಕಟ್ಟಿದ್ರು."

ಅಂಕಲ್ ಟೀ ಲೋಟ ಕೆಳಗಿಟ್ಟರು. "ಅವ್ರು ಶಾಫ್ಟ್ ತೋಡ್ಬೇಕು ಅಂತ ಹಾಲ್ ಮುಚ್ಚಿದ್ರು. ನಮ್ದು ಶಾಫ್ಟ್ ಮುಚ್ಚಿದ್ರು, ಹಾಲ್ ತಾನಾಗೇ ಮುಚ್ಕೊಂಡ್ತು."

ಆಮೇಲೆ ಹೇಳಿದ್ದು ಏರ್‌ಬ್ಲಾಸ್ಟ್ ಕಥೆ. ಆಳದಲ್ಲಿ ಬಂಡೆ ಒತ್ತಡ ತಡೆಯಲಾರದೆ ಸಿಡಿಯುವುದಕ್ಕೆ ಗಣಿಯವರು ಹಾಗನ್ನುತ್ತಾರೆ. ಮೇಲೆ ಭೂಕಂಪ ಆದಂತೆ ಆಗುತ್ತದೆ, ಅಡುಗೆಮನೆಯ ಪಾತ್ರೆ ಬೀಳುತ್ತವೆ. ಒಂದು ಶನಿವಾರ ಡ್ರಮ್ಸ್‌ನವನು ಒಬ್ಬನೇ ಬಾರಿಸುತ್ತಿದ್ದ. ಬಾಕಿಯವರು ಗಿಟಾರ್ ಇಳಿಸಿ ನೀರು ಕುಡಿಯುತ್ತಿದ್ದರು. ನೆಲ ಒಂದು ಸಲ ಎದ್ದು ಕೂತಿತು. ಚಾವಣಿಯಿಂದ ಧೂಳು ಸುರಿಯಿತು. ಹಾಲ್‌ನಲ್ಲಿದ್ದವರಿಗೆಲ್ಲ ಗೊತ್ತಾಯಿತು, ಅಲ್ಲಿ ಯಾರ ಮನೆಯವರು ತಾನೇ ರಾತ್ರಿ ಪಾಳಿಯಲ್ಲಿ ಇರಲಿಲ್ಲ? ಹೀಲ್ಸ್ ಹಾಕಿದ್ದ ಹೆಂಗಸರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ಕಿಟಕಿಯ ಹುಡುಗರೂ ಓಡಿದರು. ಬೆಂಗಳೂರಿನವನಿಗೆ ಮಾತ್ರ ಏನೂ ತಿಳಿಯಲಿಲ್ಲ. ನಡುಗಿದ್ದು ತನ್ನ ಡ್ರಮ್ಮಿಗೇ ಅಂದುಕೊಂಡು ಕಣ್ಣು ಮುಚ್ಚಿ ಇನ್ನೂ ಜೋರಾಗಿ ಬಾರಿಸಿದ. ಇವರು ಶಾಫ್ಟಿನ ಗೇಟಿನ ಕಡೆ ಓಡುತ್ತಿರುವಾಗ ಅರ್ಧ ದಾರಿಯವರೆಗೂ ಹಿಂದಿನಿಂದ ಆ ಸದ್ದು ಬರುತ್ತಿತ್ತಂತೆ. ಕಣ್ಣು ಬಿಟ್ಟಾಗ ಹಾಲ್ ಖಾಲಿ.

"ನಿಮ್ಮ ತಂದೆ?" ಅಕ್ಕ ಕೇಳಿದಳು.

"ನಮ್ಮಪ್ಪ ಮೇಲ್ ಬಂದ್ರು. ಪಕ್ಕದ ಲೈನ್‌ನವ್ರು ಬರ್ಲಿಲ್ಲ."

ಮುಂದಿನ ಶನಿವಾರ ಡ್ಯಾನ್ಸ್ ಇರಲಿಲ್ಲ. ಅದರ ಮುಂದಿನ ಶನಿವಾರ ಇತ್ತು. ಡ್ರಮ್ಸ್‌ನವನು ಬಂದ, ಎಲ್ಲಾ ಹಾಡಿಗೂ ಬಾರಿಸಿದ. ಒಬ್ಬನೇ ಬಾರಿಸುವುದನ್ನು ಮಾತ್ರ ಈ ಹಾಲ್‌ನಲ್ಲಿ ಮತ್ತೆ ಯಾವತ್ತೂ ಮಾಡಲಿಲ್ಲ.

ಎಪ್ಪತ್ತರ ದಶಕದಲ್ಲಿ ಇವರು ಗಣಿಯಲ್ಲಿ ಅಪ್ರೆಂಟಿಸ್ ಆದರು. ಫ್ಯೂಸ್ ಹಾಕಲು ಬರುವ ಹುಡುಗ ಅಂತ ಬ್ಯಾಂಡಿನವರೇ ಒಳಗೆ ಕರೆದರು. ಕಿಟಕಿಯಿಂದ ಸ್ಟೇಜಿನ ಮೂಲೆಗೆ ಬಡ್ತಿ. ಅಷ್ಟರಲ್ಲಿ ಡೀಪ್ ಪರ್ಪಲ್ ಹಾಡುಗಳು ಬಂದಿದ್ದವು. 'ಸ್ಮೋಕ್ ಆನ್ ದ ವಾಟರ್' ಇದೆಯಲ್ಲ, ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ 1971ರ ಡಿಸೆಂಬರಿನಲ್ಲಿ ಕಛೇರಿ ನಡೆಯುತ್ತಿದ್ದಾಗಲೇ ಕ್ಯಾಸಿನೋ ಸುಟ್ಟುಹೋದದ್ದರ ಮೇಲಿನ ಹಾಡು, ಅದನ್ನು ನುಡಿಸುವಾಗ ಬೇಸ್‌ನವನು ತನ್ನ ಗಿಟಾರನ್ನು ಹೌಸಿ ನಂಬರ್ ಕೂಗುವ ಸ್ಪೀಕರಿಗೆ ಸಿಕ್ಕಿಸಿಬಿಟ್ಟ. ಸ್ಪೀಕರಿನಿಂದ ಹೊಗೆ. ಜನ ಹಾಡಿಗೆಂದೇ ಬಿಟ್ಟ ಹೊಗೆ ಅಂತ ಚಪ್ಪಾಳೆ ತಟ್ಟಿದರು. ಬೈಗುಳ, ದಂಡ ಎಲ್ಲ ಬಿದ್ದಿದ್ದು ಇವರ ಮೇಲೆ. ಅರ್ಧ ಶತಮಾನ ಕಳೆದಿದೆ, ಹೇಳುವಾಗ ಕಿವಿ ಕೆಂಪಾಗಿತ್ತು. ಹೊಗೆಯ ಹಾಡಿಗೇ ಹೊಗೆ ಬಂತು ಅನ್ನುವುದನ್ನು ನಾನಂತೂ ಪೂರ್ತಿ ನಂಬಲಿಲ್ಲ. ಭಾವ ನಂಬಿದರು.

ಬ್ಯಾಂಡು ಹೆಚ್ಚು ದಿನ ಉಳಿಯಲಿಲ್ಲ. ಗಣಿ ಸೊರಗುತ್ತಾ ಬಂತು, ಆಂಗ್ಲೋ ಇಂಡಿಯನ್ ಮನೆಗಳು ಒಂದೊಂದೇ ಖಾಲಿಯಾದವು. ಲೀಡ್ ಗಿಟಾರಿನವನು ಆಸ್ಟ್ರೇಲಿಯಾ. ಡ್ರಮ್ಸ್‌ನವನ ಸುದ್ದಿ ಗೊತ್ತಿಲ್ಲ. ಬೇಸ್‌ನವನು ಮಾತ್ರ ಇಲ್ಲೇ, ಬಂಗಾರಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಇಬ್ಬರಿಗೂ ಮಾತಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಸ್ಪೀಕರ್ ಅಂದರು. ನಂಬರ್ ಮಾತ್ರ ಫೋನಿನಲ್ಲಿ ಇಟ್ಟುಕೊಂಡಿದ್ದರು.

ಉಳಿದಿದ್ದನ್ನು ಬೇಗ ಹೇಳಿಬಿಡುತ್ತೇನೆ. ಸೈನೈಡ್ ಗುಡ್ಡದ ಧೂಳು ಕಣ್ಣಿಗೆ ಹೋಗುತ್ತದೆ, ಕನ್ನಡಕ ಹಾಕಿಕೊಂಡು ಹೋಗಿ. ಸಿನಿಮಾ ಬಂದ ಮೇಲೆ ರೀಲ್ಸ್ ಮಾಡುವವರ ಕಾಟ ಜಾಸ್ತಿ. ರಾತ್ರಿ ಉಳಿದೆವು. ಮರುದಿನ ಕೋಟಿಲಿಂಗೇಶ್ವರಕ್ಕೆ ಹೋದೆವು, 108 ಅಡಿ ಲಿಂಗ, ಅಕ್ಕನಿಗೆ ಸಮಾಧಾನ. ಬೇತಮಂಗಲದ ಕೆರೆಯನ್ನು ಬಸ್ಸಿನಿಂದಲೇ ನೋಡಿದೆವು.

ವಾಪಸ್ ಬರುವಾಗ ರೈಲು ಬಂಗಾರಪೇಟೆಯಲ್ಲಿ ನಿಂತಿತ್ತು. ಭಾವನಿಗೆ ತಡೆಯಲಾಗಲಿಲ್ಲ, ಅಂಕಲ್ ಕೊಟ್ಟಿದ್ದ ನಂಬರಿಗೆ ಫೋನ್ ಹಚ್ಚಿ ಸ್ಪೀಕರ್ ಆನ್ ಮಾಡಿದರು. ತೆಗೆದವರ ದನಿ ಗಟ್ಟಿಯಾಗಿತ್ತು. ವಿಷಯ ಹೇಳಿದ ಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಂದೇ ಉಸಿರಿನಲ್ಲಿ ಬಂತು: "ಸ್ಪೀಕರ್ ಸುಟ್ಟಿದ್ದು ನಿಜ. ಆದ್ರೆ ಡೀಪ್ ಪರ್ಪಲ್ ಅಲ್ಲ, ಪ್ರೌಡ್ ಮೇರಿ ನುಡಿಸ್ತಿದ್ವಿ. ಮತ್ತೆ ಪ್ಲಗ್ ಹಾಕಿದ್ದು ನಾನಲ್ಲ, ಅವ್ನೇ. ಕೇಳಿ ಬೇಕಾದ್ರೆ ಅವನ್ನ. ಕೇಳಿ!"