ಭಾಷೆ ಬರದೆ ಚೀನಾ ಸಿನಿಮಾ ಹೇಗೆ ನೋಡ್ತೀಯ?

ಎಲ್ಲರೂ ಇದನ್ನೇ ಕೇಳುತ್ತಾರೆ. ಸಬ್‌ಟೈಟಲ್ ಇರುತ್ತಲ್ಲ ಅಂದರೆ ಯಾರಿಗೂ ಸಮಾಧಾನ ಇಲ್ಲ. ಮಾತು ಸರಿ, ಆ ಜನ, ಆ ಊರು ಹೇಗೆ ಅರ್ಥವಾಗುತ್ತೆ ಅಂತ ಮತ್ತೆ ಕೇಳುತ್ತಾರೆ. ನಾನು ದುಡ್ಡು ನೋಡುತ್ತೇನೆ. ಅಲ್ಲಿನ ಬಡವರ ಕಥೆಗಳಲ್ಲಿ ಯಾರ ಜೇಬಲ್ಲಿ ಎಷ್ಟು ಯುವಾನ್ ಇದೆ, ಬಸ್ಸಿಗೆ ಎಷ್ಟು ಬೇಕು ಅನ್ನುವುದನ್ನು ಮುಚ್ಚಿಡುವುದಿಲ್ಲ. ನೋಟು ಎಣಿಸುವುದನ್ನೇ ತೋರಿಸುತ್ತಾರೆ.

ಝಾಂಗ್ ಯಿಮೋ 1992ರಲ್ಲಿ ತೆಗೆದ 'ದ ಸ್ಟೋರಿ ಆಫ್ ಚಿಯು ಜೂ' ನೋಡಿ. ಚಿಯು ಜೂ ಬಸುರಿ. ಊರ ಮುಖ್ಯಸ್ಥ ಅವಳ ಗಂಡನಿಗೆ ಒದೆಯಬಾರದ ಜಾಗಕ್ಕೆ ಒದ್ದಿದ್ದಾನೆ. (ಗಂಡನದೂ ತಪ್ಪಿದೆ. ಬರೀ ಹೆಣ್ಣುಮಕ್ಕಳಿರುವ ಆ ಮುಖ್ಯಸ್ಥನನ್ನು ಹೇಂಟೆ ಸಾಕುವವನು ಅಂತ ಹಂಗಿಸಿದ್ದ.) ಮುಖ್ಯಸ್ಥ 200 ಯುವಾನನ್ನು ಕೈಗೆ ಕೊಡದೆ ನೆಲಕ್ಕೆ ಎಸೆಯುತ್ತಾನೆ, ಒಂದೊಂದು ನೋಟು ಎತ್ತಿಕೊಂಡಾಗಲೂ ನೀನು ನನಗೆ ತಲೆ ಬಾಗಿದ ಹಾಗೆ ಅನ್ನುತ್ತಾನೆ. ಅವಳು ಒಂದನ್ನೂ ಮುಟ್ಟುವುದಿಲ್ಲ. ಅವಳಿಗೆ ಬೇಕಾದದ್ದು 'ತಪ್ಪಾಯ್ತು' ಅನ್ನುವ ಒಂದು ಮಾತು, ಅಷ್ಟೇ. ಅದಕ್ಕಾಗಿ ಗಾಡಿ ತುಂಬ ಕೆಂಪು ಮೆಣಸಿನಕಾಯಿ ಹೇರಿಕೊಂಡು ಹೋಗಿ ಮಾರಿ, ಆ ದುಡ್ಡಲ್ಲಿ ನಾದಿನಿಯನ್ನೂ ಕಟ್ಟಿಕೊಂಡು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ, ಕೊನೆಗೆ ದೊಡ್ಡ ನಗರಕ್ಕೂ ಅಲೆಯುತ್ತಾಳೆ. ಪೇಟೆಯ ಎಷ್ಟೋ ದೃಶ್ಯಗಳನ್ನು ಕ್ಯಾಮೆರಾ ಬಚ್ಚಿಟ್ಟು ತೆಗೆದಿದ್ದಾರೆ. ನಮ್ಮ ಪಕ್ಕದಲ್ಲಿ ನಡೆಯುತ್ತಿರುವವರು ಚಿಯು ಜೂ ಪಾತ್ರ ಮಾಡಿದ ಹೆಸರಾಂತ ನಟಿ ಗಾಂಗ್ ಲಿ ಅಂತ ಆ ಜನಕ್ಕೆ ಗೊತ್ತಿಲ್ಲ. ಆಮೇಲೆ ಹೆರಿಗೆ ಕಷ್ಟವಾದ ರಾತ್ರಿ ಅವಳ ನೆರವಿಗೆ ಬರುವುದೂ ಅದೇ ಮುಖ್ಯಸ್ಥ. ಮಗುವಿಗೆ ತಿಂಗಳು ತುಂಬಿದ ಊಟಕ್ಕೆ ಅವನಿಗಾಗಿ ಕಾಯುತ್ತಿರುವಾಗ ಸುದ್ದಿ ಬರುತ್ತದೆ, ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು, 15 ದಿನ ಒಳಗೆ. ಇಂಥ ಶಿಕ್ಷೆಯನ್ನು ಅವಳು ಬಯಸಿಯೇ ಇರಲಿಲ್ಲ! ರಸ್ತೆಯವರೆಗೆ ಓಡುತ್ತಾಳೆ. ಆ ಮುಖ ನೋಡಲು ಭಾಷೆ ಬೇಕಾಗಿಲ್ಲ.

ಝಾಂಗ್ ಯಿಮೋ ಅವರದ್ದೇ 'ನಾಟ್ ಒನ್ ಲೆಸ್' (1999) ಚಿತ್ರದಲ್ಲಿ 13 ವರ್ಷದ ಹುಡುಗಿ ಹಳ್ಳಿ ಶಾಲೆಗೆ ಬದಲಿ ಟೀಚರ್. ದಿನಕ್ಕೊಂದರಂತೆ 26 ಸೀಮೆಸುಣ್ಣ ಕೊಟ್ಟಿರುತ್ತಾರೆ. ನಗರಕ್ಕೆ ದುಡಿಯಲು ಹೋದ ಹುಡುಗನನ್ನು ಕರೆತರಲು ಬಸ್ ಚಾರ್ಜ್ ಬೇಕು, ಎಷ್ಟು ಇಟ್ಟಿಗೆ ಹೊತ್ತರೆ ಅಷ್ಟು ಸಿಗುತ್ತೆ ಅಂತ ಮಕ್ಕಳು ಬೋರ್ಡಿನ ಮೇಲೆ ಲೆಕ್ಕ ಹಾಕುತ್ತಾರೆ. ಆ ಕ್ಲಾಸಲ್ಲಿ ನಿಜವಾದ ಗಣಿತ ಶುರುವಾಗುವುದು ಆಗಲೇ. ಕೊನೆ ಮಾತ್ರ ನನಗೆ ಸ್ವಲ್ಪ ಜಾಸ್ತಿ ಸಿಹಿ ಅನಿಸಿತು.

ನನಗೆ ತುಂಬ ಹತ್ತಿರವಾದದ್ದು ಜಿಯಾ ಝಾಂಗ್‌ಕೆ ಅವರ 'ಸ್ಟಿಲ್ ಲೈಫ್' (2006). ಯಾಂಗ್‌ಝಿ ನದಿಯ ತ್ರೀ ಗಾರ್ಜಸ್ ಅಣೆಕಟ್ಟಿಗಾಗಿ ಹತ್ತು ಲಕ್ಷಕ್ಕೂ ಜಾಸ್ತಿ ಜನ ಊರು ಬಿಟ್ಟರು. ಹಾಗೆ ಮುಳುಗುತ್ತಿರುವ ಫೆಂಗ್‌ಜಿಯೆ ಊರಿಗೆ ಒಬ್ಬ ಗಣಿ ಕಾರ್ಮಿಕ 16 ವರ್ಷದ ಹಿಂದೆ ತನ್ನನ್ನು ಬಿಟ್ಟುಹೋದ ಹೆಂಡತಿಯನ್ನು ಹುಡುಕಿಕೊಂಡು ಬರುತ್ತಾನೆ. ಆ ಪಾತ್ರ ಮಾಡಿದವರು ನಿರ್ದೇಶಕರ ಸಂಬಂಧಿ, ನಿಜಕ್ಕೂ ಗಣಿಯಲ್ಲಿ ದುಡಿದವರು. ಮನೆ ಒಡೆಯುವ ಕೂಲಿಯವರ ಜೊತೆ ಅವನೂ ಸುತ್ತಿಗೆ ಹಿಡಿಯುತ್ತಾನೆ. ಒಂದು ದಿನ ಅವರು 10 ಯುವಾನ್ ನೋಟು ತೆಗೆದು, ಇದರ ಹಿಂದಿರುವ ಬೆಟ್ಟ ನಮ್ಮೂರಿನದು ಅಂತ ತೋರಿಸುತ್ತಾರೆ. ಅವನೂ ತನ್ನ ಕಡೆಯ ಜಲಪಾತವಿರುವ ನೋಟು ತೆಗೆದು ತೋರಿಸುತ್ತಾನೆ. ಮುಂದೊಂದು ಕಡೆ ಅದೇ 10 ಯುವಾನ್ ನೋಟನ್ನು ಕಣ್ಣೆದುರು ಹಿಡಿದು, ನದಿಯನ್ನೂ ಬೆಟ್ಟವನ್ನೂ ಚಿತ್ರದ ಜೊತೆ ಹೋಲಿಸಿ ನೋಡುತ್ತಾ ನಿಲ್ಲುತ್ತಾನೆ. ಹೆಂಡತಿ ಸಿಗುತ್ತಾಳೆ. ಆದರೆ ಅವಳ ಅಣ್ಣನ ಸಾಲ 30,000 ಯುವಾನ್, ಅದು ತೀರದೆ ಅವಳು ಬರುವ ಹಾಗಿಲ್ಲ. ದುಡಿದು ತರುತ್ತೇನೆ ಅಂತ ಹೇಳಿ ಅವನು ಮತ್ತೆ ಗಣಿಗೆ ಹೊರಡುತ್ತಾನೆ. ಅಲ್ಲಿ ಕೂಲಿ ಜಾಸ್ತಿ ಅಂತ ಗೊತ್ತಾಗಿ ಜೊತೆಯವರೂ ಬರುತ್ತೇವೆ ಅನ್ನುತ್ತಾರೆ. ಗಣಿಯಲ್ಲಿ ಜನ ಸಾಯುತ್ತಾರೆ, ಯೋಚನೆ ಮಾಡಿ ಅನ್ನುತ್ತಾನೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಬೆಳಗ್ಗೆ ಎಲ್ಲರೂ ಗಂಟು ಕಟ್ಟಿಕೊಂಡು ಅವನ ಹಿಂದೆ ನಡೆಯುತ್ತಾರೆ.